ಓವರ್‌ಸೈಟ್ ಬೋರ್ಡ್ ಎಂಬ ಮೇಲ್ಮನವಿ ಸೇವೆ: ತೀರ್ಪುಗಳನ್ನು ಓದಿದ ಮೇಲೆ

ಫೇಸ್‌ಬುಕ್ ಅಥವಾ ಇನ್‌ಸ್ಟಾಗ್ರಾಂ ನಮ್ಮ ಬರಹವೊಂದನ್ನು ತೆಗೆದುಹಾಕಿ, ಕಂಪನಿಗೆ ಸಲ್ಲಿಸಿದ ಮನವಿಯೂ ಫಲಿಸದೆ ಹೋದಾಗ, 15 ದಿನಗಳೊಳಗೆ ಉಲ್ಲೇಖ ಸಂಖ್ಯೆ ಹಿಡಿದು ತಟ್ಟಬಹುದಾದ ಕೊನೆಯ ಬಾಗಿಲು ಓವರ್‌ಸೈಟ್ ಬೋರ್ಡ್ ಎಂಬ ಹೊರಗಿನವರ ಮಂಡಳಿ. ಇದಕ್ಕೆ ಶುಲ್ಕವಿಲ್ಲ. ಕಂಪನಿ 13 ಕೋಟಿ ಡಾಲರ್‌ಗಳನ್ನು ಪ್ರತ್ಯೇಕ ಟ್ರಸ್ಟಿನಲ್ಲಿಟ್ಟು ಈ ಮಂಡಳಿಯನ್ನು ಕಟ್ಟಿತು. 2020ರ ಮೇ ತಿಂಗಳಲ್ಲಿ ಪ್ರಕಟವಾದ ಮೊದಲ 20 ಸದಸ್ಯರಲ್ಲಿ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ಕುಲಪತಿ ಸುಧೀರ್ ಕೃಷ್ಣಸ್ವಾಮಿ ಅವರೂ ಇದ್ದರು. ಸಾಮಾನ್ಯ ಬಳಕೆದಾರರು ಇದರಿಂದ ಹೆಚ್ಚೇನನ್ನೂ ನಿರೀಕ್ಷಿಸುವಂತಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. 2020ರ ಅಕ್ಟೋಬರ್‌ನಿಂದ 2021ರ ಕೊನೆಯವರೆಗೆ ಹನ್ನೊಂದು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದಿದ್ದರೂ, 2021ರಲ್ಲಿ ಪ್ರಕಟವಾದ ತೀರ್ಪುಗಳು 20 ಮಾತ್ರ. ಹಾಗಾಗಿ ಈ ಸೇವೆಯನ್ನು ಅರ್ಜಿಗಳ ವಿಲೇವಾರಿಯಿಂದ ಅಳೆಯುವುದಕ್ಕಿಂತ, ಅದು ಕೈಗೆತ್ತಿಕೊಂಡ ಅತ್ಯಂತ ಕಠಿಣ ಪ್ರಶ್ನೆಯಿಂದ ಅಳೆಯುವುದೇ ಸರಿಯೆಂದು ನನಗೆ ತೋರುತ್ತದೆ. ಜನರಿಂದ ಆರಿಸಿ ಬಂದ ನಾಯಕನ ಬಾಯನ್ನು ಖಾಸಗಿ ಕಂಪನಿಯೊಂದು ಮುಚ್ಚಿಸಬಹುದೇ, ಮುಚ್ಚಿಸಿದರೆ ಯಾವ ನಿಯಮದ ಮೇಲೆ ಮತ್ತು ಎಷ್ಟು ಕಾಲ ಎಂಬುದೇ ಆ ಪ್ರಶ್ನೆ.

2021ರ ಜನವರಿ 6ರಂದು ವಾಷಿಂಗ್ಟನ್ನಿನ ಸಂಸತ್ ಭವನಕ್ಕೆ ಗುಂಪು ನುಗ್ಗಿ ದಾಂಧಲೆ ನಡೆಸುತ್ತಿದ್ದಾಗಲೇ ಡೊನಾಲ್ಡ್ ಟ್ರಂಪ್ ಒಂದು ನಿಮಿಷದ ವಿಡಿಯೊವನ್ನೂ ಆಮೇಲೊಂದು ಬರಹವನ್ನೂ ಹಾಕಿದರು. ಮನೆಗೆ ಹೋಗಿ ಎಂಬ ಮಾತಿನ ಜೊತೆಗೇ, ನಿಮ್ಮನ್ನು ಪ್ರೀತಿಸುತ್ತೇವೆ, ನೀವು ವಿಶೇಷ ಜನ ಎಂಬ ಮೆಚ್ಚುಗೆಯೂ ಅದರಲ್ಲಿತ್ತು. ಎರಡನ್ನೂ ತೆಗೆದ ಫೇಸ್‌ಬುಕ್ ಮೊದಲು 24 ಗಂಟೆಗಳ ತಡೆ ಹಾಕಿ, ಮರುದಿನ ಅದನ್ನು ಅನಿರ್ದಿಷ್ಟ ಕಾಲಕ್ಕೆ ವಿಸ್ತರಿಸಿತು. ಜನವರಿ 21ರಂದು, ಬೈಡನ್ ಅಧಿಕಾರ ಸ್ವೀಕರಿಸಿದ ಮರುದಿನ, ಈ ನಿರ್ಧಾರ ಸರಿಯೇ ಎಂದು ಕಂಪನಿಯೇ ಮಂಡಳಿಯನ್ನು ಕೇಳಿತು. 9,666 ಸಾರ್ವಜನಿಕ ಅಭಿಪ್ರಾಯಗಳು ಬಂದವು. ಮೇ 5ರಂದು ತೀರ್ಪು ಹೊರಬಿತ್ತು.

ಆ ತೀರ್ಪನ್ನು ಓದುವಾಗ ನನಗೆ ನಿಜವಾದ ಗೌರವ ಮೂಡಿತು. ಹಿಂಸೆಯಲ್ಲಿ ತೊಡಗಿದವರನ್ನು ಹೊಗಳಬಾರದೆಂಬ ನಿಯಮ ಮುರಿದಿದೆ, ಆ ಗಳಿಗೆಯ ಅಪಾಯ ನೋಡಿದರೆ ತಡೆ ಹಾಕಿದ್ದು ಸರಿ ಎಂದು ಮಂಡಳಿ ಒಪ್ಪಿಕೊಂಡಿತು. ಮಾತಾಡಿದ ವ್ಯಕ್ತಿ ಯಾರು, ಯಾವ ಸಂದರ್ಭ, ಮಾತಿನ ಉದ್ದೇಶವೇನು, ಅದು ಎಷ್ಟು ಜನರನ್ನು ತಲುಪುತ್ತದೆ, ಹಾನಿ ಎಷ್ಟು ಹತ್ತಿರದಲ್ಲಿದೆ ಎಂದೆಲ್ಲ ಒಂದೊಂದಾಗಿ ತೂಗಿ ನೋಡಿತು. ಅಂದು ಟ್ರಂಪ್ ಅವರಿಗೆ ಫೇಸ್‌ಬುಕ್‌ನಲ್ಲಿ ಕನಿಷ್ಠ 3.5 ಕೋಟಿ, ಇನ್‌ಸ್ಟಾಗ್ರಾಂನಲ್ಲಿ ಕನಿಷ್ಠ 2.4 ಕೋಟಿ ಹಿಂಬಾಲಕರಿದ್ದರು ಎಂಬುದು ಆ ತೂಕದಲ್ಲಿ ಸೇರಿತ್ತು. ಆದರೆ ಅದೇ ಉಸಿರಿನಲ್ಲಿ ಮಂಡಳಿ ಕಂಪನಿಯನ್ನೂ ತರಾಟೆಗೆ ತೆಗೆದುಕೊಂಡಿತು. ಅವಧಿಯೇ ಇಲ್ಲದ ಅಮಾನತು ಕಂಪನಿಯ ಲಿಖಿತ ನಿಯಮಗಳಲ್ಲಿ ಎಲ್ಲಿಯೂ ಇಲ್ಲ, ಇಲ್ಲದ ಶಿಕ್ಷೆಯನ್ನು ವಿಧಿಸಿ ಅದರ ಹೊಣೆಯನ್ನು ನಮ್ಮ ತಲೆಗೆ ಕಟ್ಟುವುದು ಜವಾಬ್ದಾರಿಯಿಂದ ನುಣುಚಿಕೊಳ್ಳುವುದಾಗುತ್ತದೆ, ಆರು ತಿಂಗಳೊಳಗೆ ನಿಯಮಕ್ಕೆ ತಕ್ಕ ಶಿಕ್ಷೆಯನ್ನು ನೀವೇ ತೀರ್ಮಾನಿಸಿ ಎಂಬುದು ಅದರ ಸಾರ. ಜೂನ್ 4ರಂದು ಕಂಪನಿ ಎರಡು ವರ್ಷಗಳ ಅಮಾನತು ಪ್ರಕಟಿಸಿತು. 2023ರ ಫೆಬ್ರವರಿಯಲ್ಲಿ ಖಾತೆ ಮರಳಿತು. ಶಿಕ್ಷೆಗೊಂದು ಅವಧಿ, ಅವಧಿಗೊಂದು ಕಾರಣ, ಕಾರಣಕ್ಕೊಂದು ಲಿಖಿತ ನಿಯಮ ಬೇಕೆಂದು ಕೇಳಿ ಪಡೆದದ್ದೇ ಈ ಸೇವೆಯ ದೊಡ್ಡ ಸಾಧನೆ ಎಂಬುದು ನನ್ನ ಅಭಿಪ್ರಾಯ. ಟ್ರಂಪ್ ಅವರ ರಾಜಕೀಯವನ್ನು ಒಪ್ಪದವರಿಗೂ ಇದು ಬೇಕು, ಏಕೆಂದರೆ ನಾಯಕನ ಖಾತೆ ಮುಚ್ಚಿದಾಗ ಅವನನ್ನು ಓದಿ, ಅಳೆದು, ತಿರಸ್ಕರಿಸುವ ಮತದಾರನ ಹಕ್ಕಿಗೂ ಪೆಟ್ಟು ಬೀಳುತ್ತದೆ.

ಬೇರೆ ವೇದಿಕೆಗಳೊಡನೆ ಹೋಲಿಸಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಟ್ವಿಟರ್ 2021ರ ಜನವರಿ 8ರಂದು ಅದೇ ಖಾತೆಯನ್ನು ಶಾಶ್ವತವಾಗಿ ಮುಚ್ಚಿತು. ನಿರ್ಧಾರ ಸರಿಯೆಂದ ಟ್ವಿಟರ್‌ನ ಅಂದಿನ ಮುಖ್ಯಸ್ಥ ಜ್ಯಾಕ್ ಡಾರ್ಸಿಯವರೇ ಇದು ಅಪಾಯಕಾರಿ ಮೇಲ್ಪಂಕ್ತಿಯೆಂದೂ ಒಪ್ಪಿಕೊಂಡರು. ಜರ್ಮನಿಯ ಚಾನ್ಸೆಲರ್ ಮರ್ಕೆಲ್ ಅವರ ವಕ್ತಾರರು ಅದನ್ನು ಸಮಸ್ಯಾತ್ಮಕವೆಂದರು. 2022ರ ನವೆಂಬರ್‌ನಲ್ಲಿ ಹೊಸ ಮಾಲೀಕ ಇಲಾನ್ ಮಸ್ಕ್ ನಡೆಸಿದ ಆನ್‌ಲೈನ್ ಮತದಾನದಲ್ಲಿ ಶೇ. 51.8ರಷ್ಟು ಜನ ಹೌದೆಂದದ್ದರಿಂದ ಖಾತೆ ತೆರೆಯಿತು. ಮುಚ್ಚಿದ್ದು ಕೆಲವರ ವಿವೇಚನೆಯಿಂದ, ತೆರೆದದ್ದು ಗುಂಡಿ ಒತ್ತಿದವರ ಎಣಿಕೆಯಿಂದ. ಹೊರಗಿನವರು ಕೂತು ಬರೆದ ಸಕಾರಣ ತೀರ್ಪು ಎರಡರ ಹಿಂದೆಯೂ ಇರಲಿಲ್ಲ. ನಮ್ಮ ದೇಶದಲ್ಲಿ 2023ರಿಂದ ಇರುವ ಕುಂದುಕೊರತೆ ಮೇಲ್ಮನವಿ ಸಮಿತಿಗಳು ಬಳಕೆದಾರರ ದೂರುಗಳನ್ನು ಕೇಳುತ್ತವೆ ನಿಜ, ಆದರೆ ಅವುಗಳನ್ನು ನೇಮಿಸುವುದು ಕೇಂದ್ರ ಸರ್ಕಾರ. ರಾಜಕಾರಣಿಯ ಮಾತಿನ ವಿಷಯದಲ್ಲಿ ಸರ್ಕಾರದಿಂದ ದೂರವಿಲ್ಲದ ವ್ಯವಸ್ಥೆ ನನಗೆ ಸಮಾಧಾನ ಕೊಡುವುದಿಲ್ಲ.

ಇನ್ನು ಸೇವೆಯ ಕೊರತೆಗಳು. ಟ್ರಂಪ್ ಪ್ರಕರಣದಲ್ಲಿ ಮಂಡಳಿ 46 ಪ್ರಶ್ನೆಗಳನ್ನು ಕೇಳಿತು. ಏಳಕ್ಕೆ ಕಂಪನಿ ಉತ್ತರಿಸಲೇ ಇಲ್ಲ. ಫೇಸ್‌ಬುಕ್‌ನ ಸ್ವಂತ ವಿನ್ಯಾಸವೇ ಆ ಬರಹಗಳನ್ನು ಹೆಚ್ಚು ಜನರ ಕಣ್ಣಿಗೆ ಬೀಳಿಸಿತೇ ಎಂಬ ಪ್ರಶ್ನೆ ಉತ್ತರ ಸಿಗದವುಗಳಲ್ಲಿ ಸೇರಿತ್ತು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾಗಿದ್ದದ್ದು ಅದೇ. ಕಿಚ್ಚು ಹಚ್ಚುವ ಮಾತನ್ನು ಮೊದಲು ಹರಡಿ, ಆಮೇಲೆ ಮಾತಾಡಿದವನನ್ನಷ್ಟೇ ಹೊರಗಟ್ಟುವ ಯಂತ್ರದ ಬಗ್ಗೆ ವಿಚಾರಣೆಯೇ ಆಗದಿದ್ದರೆ ನ್ಯಾಯ ಅರ್ಧಕ್ಕೇ ನಿಂತಂತೆ.

ಇದಕ್ಕಿಂತ ದೊಡ್ಡ ಕೊರತೆ ಕಾಂಬೋಡಿಯಾದ ವಿಷಯದಲ್ಲಿ ಬಯಲಾಯಿತು. 2023ರ ಜನವರಿಯಲ್ಲಿ ಪ್ರಧಾನಿ ಹುನ್ ಸೆನ್ ವಿರೋಧ ಪಕ್ಷದವರನ್ನು ಹೊಡೆಸುವುದಾಗಿ ನೇರ ಪ್ರಸಾರದಲ್ಲೇ ಬೆದರಿಸಿದರು. ಸುದ್ದಿ ಮೌಲ್ಯವಿದೆಯೆಂದು ಕಂಪನಿ ವಿಡಿಯೊವನ್ನು ಉಳಿಸಿಕೊಂಡಿತ್ತು. ಜೂನ್ 29ರಂದು ಮಂಡಳಿ, ವಿಡಿಯೊ ತೆಗೆಯಿರಿ, ಖಾತೆಗಳನ್ನು ಆರು ತಿಂಗಳು ಅಮಾನತಿನಲ್ಲಿಡಿ ಎಂದಿತು. ಚುನಾವಣೆಗೆ ಒಂದು ತಿಂಗಳೂ ಇರಲಿಲ್ಲ. ಕಾಂಬೋಡಿಯಾ ಸರ್ಕಾರ ಮಂಡಳಿಯ 22 ಸದಸ್ಯರಿಗೆ ದೇಶದೊಳಗೆ ಕಾಲಿಡದಂತೆ ನಿಷೇಧ ಹೇರಿತು. ಒಂದು ಬರಹ ಇರಬೇಕೇ ಬೇಡವೇ ಎಂಬ ತೀರ್ಪಿಗೆ ಮಾತ್ರ ಕಂಪನಿ ಬದ್ಧವಾಗಿರುವುದರಿಂದ ವಿಡಿಯೊ ಹೋಯಿತು. ಅಮಾನತು ಬರೀ ಶಿಫಾರಸಾದ್ದರಿಂದ ಆಗಸ್ಟ್‌ನಲ್ಲಿ ಕಂಪನಿ ಅದನ್ನು ತಳ್ಳಿಹಾಕಿತು. ಬೆದರಿಕೆಗೆ ಗುರಿಯಾದ ಕಾಂಬೋಡಿಯಾದ ವಿರೋಧ ಪಕ್ಷದವರ ಜಾಗದಲ್ಲಿ ನಿಂತು ನೋಡಿದರೆ, ಅಧ್ಯಕ್ಷರಿಗೆ ಎರಡು ವರ್ಷ ವಿಧಿಸಿದ ಕಂಪನಿ ಈ ಪ್ರಧಾನಿಗೆ ಒಂದು ದಿನವನ್ನೂ ವಿಧಿಸಲಿಲ್ಲವೆಂಬುದು ನನ್ನನ್ನು ಇಂದಿಗೂ ಕಲಕುತ್ತದೆ.

2025ರ ಜನವರಿಯಲ್ಲಿ, ತಮ್ಮ ಅಮಾನತಿನ ವಿರುದ್ಧ ಟ್ರಂಪ್ ಹೂಡಿದ್ದ ಮೊಕದ್ದಮೆಯನ್ನು ಕಂಪನಿ 2.5 ಕೋಟಿ ಡಾಲರ್ ಕೊಟ್ಟು ರಾಜಿಯಲ್ಲಿ ಮುಗಿಸಿಕೊಂಡಿತು. 2021ರ ಜನವರಿ 7ರ ತಡೆ ಸರಿಯಾಗಿತ್ತು ಎಂದು ಕಾರಣ ಕೊಟ್ಟು ಹೇಳಿದ ಮಂಡಳಿಯ ತೀರ್ಪು ಇಂದಿಗೂ ಅದರ ಜಾಲತಾಣದಲ್ಲಿದೆ. ವಕೀಲರು, ಪತ್ರಕರ್ತರು, ಕಾನೂನು ಓದುವ ವಿದ್ಯಾರ್ಥಿಗಳು ಅದನ್ನು ಪೂರ್ತಿಯಾಗಿ ಓದಬೇಕೆಂದು ಒತ್ತಾಯಿಸುತ್ತೇನೆ. ಅಳಿಸಿಹೋದ ತಮ್ಮ ಬರಹವನ್ನು ಮರಳಿ ಪಡೆಯಲು ಹೊರಟವರು ಅರ್ಜಿ ಹಾಕಲಿ, ಆದರೆ ಆ ಬರಹದ ಒಂದು ಪ್ರತಿಯನ್ನು ಬೇರೆಡೆಯೂ ಪ್ರಕಟಿಸಿ ಇಟ್ಟುಕೊಳ್ಳಲಿ.