ಸಣ್ಣ ವ್ಯವಹಾರದವರಿಗೆ ಸಲಹೆ ಕೊಡುವ ಪುಸ್ತಕಗಳು: ವರ್ಷಗಟ್ಟಲೆ ಬಳಸಿದ ಮೇಲೆ

ಬಿಸಿನೆಸ್ ಪುಸ್ತಕ ಓದಿ ಮುಗಿಸಿದ ವಾರವೇ ಬರೆದ ವಿಮರ್ಶೆಗಳನ್ನು ನಾನು ನಂಬುವುದಿಲ್ಲ. ಆಗ ಎಲ್ಲರಿಗೂ ಹುರುಪಿರುತ್ತದೆ. ಹುರುಪು ಇಳಿದ ಮೇಲೆ ನಿಮ್ಮ ಕೊಟೇಶನ್ನಿನಲ್ಲೋ ಬ್ಯಾಂಕ್ ಖಾತೆಯಲ್ಲೋ ಪುಸ್ತಕದ್ದು ಏನಾದರೂ ಉಳಿದಿದೆಯಾ ಎನ್ನುವುದಷ್ಟೇ ನನ್ನ ಪ್ರಶ್ನೆ. ಸಣ್ಣ ಕಾರ್ಖಾನೆಗಳಿಗೆ ದಾಸ್ತಾನು, ಲೆಕ್ಕಪತ್ರದ ವ್ಯವಸ್ಥೆ ಮಾಡಿಕೊಡುವ ಕೆಲಸ ನನ್ನದು. ಒಬ್ಬನೇ ಮಾಡುತ್ತೇನೆ. ಈ ಜಾತಿಯ ಪುಸ್ತಕಗಳನ್ನು ಕೊಳ್ಳುತ್ತಾ, ಬಳಸುತ್ತಾ, ಕೆಲವನ್ನು ಬೇರೆಯವರಿಗೆ ದಾಟಿಸುತ್ತಾ ಬಹಳ ವರ್ಷವಾಯಿತು.

ಅತಿ ಹೆಚ್ಚು ಸವೆದಿರುವುದು ಅಲನ್ ವೈಸ್ ಅವರ ‘ವ್ಯಾಲ್ಯೂ ಬೇಸ್ಡ್ ಫೀಸ್’ (2002). ಗಂಟೆಗಿಷ್ಟು ಎಂದು ದರ ಹಾಕಬೇಡಿ ಎನ್ನುವುದೇ ಅದರ ಹಟ. ಗಂಟೆ ಲೆಕ್ಕದಲ್ಲಿ ಕೆಲಸ ಬಲ್ಲವನು ಬೇಗ ಮುಗಿಸಿ ಕಡಿಮೆ ದುಡ್ಡು ತಗೊಳ್ಳುತ್ತಾನೆ, ಎಳೆದಾಡುವವನಿಗೆ ಜಾಸ್ತಿ ಸಿಗುತ್ತದೆ. ಅತ್ತ ಗ್ರಾಹಕರೂ ಒಂದು ಫೋನ್ ಮಾಡುವ ಮೊದಲು ಮೀಟರ್ ನೆನೆದು ಹಿಂದೆಮುಂದೆ ನೋಡುತ್ತಾರೆ. ವೈಸ್ ಹೇಳುವ ಕ್ರಮ ಹೀಗಿದೆ: ಉದ್ದೇಶ ಏನು, ಅದು ಈಡೇರಿದ್ದನ್ನು ಅಳೆಯುವುದು ಹೇಗೆ, ಈಡೇರಿದರೆ ಅದರ ಬೆಲೆ ಎಷ್ಟು, ಈ ಮೂರನ್ನೂ ಮೊದಲು ಬಾಯಿಮಾತಿನಲ್ಲಿ ಒಪ್ಪಿಸಿಕೊಳ್ಳಿ. ಪ್ರಪೋಸಲ್ ಬರೆಯುವುದು ಆಮೇಲೆ, ಅದೂ ಒಂದೇ ದರದ್ದಲ್ಲ, ಆಯ್ಕೆಗಳಿರುವಂಥದ್ದು.

ಈ ಆಯ್ಕೆಗಳ ವಿಷಯ ಒಂದರಿಂದಲೇ ಪುಸ್ತಕದ ದುಡ್ಡು ವಸೂಲಾಯಿತು. ಈಗ ನನ್ನ ಪ್ರಪೋಸಲ್‌ನಲ್ಲಿ ಮೂರು ಭಾಗ. ಒಂದರಲ್ಲಿ ಪರಿಶೀಲಿಸಿ ವರದಿ ಕೊಡುವುದು ಮಾತ್ರ. ಎರಡನೆಯದರಲ್ಲಿ ವ್ಯವಸ್ಥೆ ಜಾರಿಗೆ ತಂದು ಸಿಬ್ಬಂದಿಗೆ ಕಲಿಸುವುದೂ ಸೇರುತ್ತದೆ. ಮೂರನೆಯದರಲ್ಲಿ ಅದರ ಮೇಲೆ ಒಂದು ವರ್ಷದ ಉಸ್ತುವಾರಿ. ಒಂದೇ ದರ ಬರೆದು ಕೊಡುತ್ತಿದ್ದ ಕಾಲದಲ್ಲಿ ಬರುತ್ತಿದ್ದ ಮೊದಲ ಮಾತು ‘ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ ಸರ್’. ಈಗ ‘ಮೂರನೇದ್ರಲ್ಲಿರೋ ಆ ತಿಂಗಳ ಭೇಟಿ ಇದೆಯಲ್ಲ, ಅದನ್ನ ಎರಡನೇದಕ್ಕೆ ಸೇರಿಸ್ತೀರಾ?’ ಎಂದು ಕೇಳುತ್ತಾರೆ. ಚೌಕಾಶಿ ಏನೂ ನಿಂತಿಲ್ಲ. ಆದರೆ ದುಡ್ಡಿನ ಮೇಲೆ ನಡೆಯುತ್ತಿದ್ದದ್ದು ಕೆಲಸದ ಮೇಲೆ ನಡೆಯುತ್ತಿದೆ. ಕಮ್ಮಿ ದುಡ್ಡು ಬೇಕಾದರೆ ಕೆಲಸವೂ ಕಮ್ಮಿ ಎಂದು ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಕಾಗದವೇ ಹೇಳುತ್ತದೆ.

ಪುಸ್ತಕ ಕೈಕೊಡುವುದು ಎಲ್ಲಿ ಎಂದರೆ, ಕೆಲಸದ ಬೆಲೆ ಎಷ್ಟು ಎನ್ನುವುದು ಗ್ರಾಹಕರಿಗೇ ಗೊತ್ತಿರುತ್ತದೆ ಎಂದುಕೊಂಡಿರುವಲ್ಲಿ. ‘ಸಾಮಾನು ಇಲ್ಲದೆ ಎಷ್ಟು ಆರ್ಡರ್ ತಪ್ಪಿದವು? ಗೋಡೌನಿನಲ್ಲಿ ಇರುವುದನ್ನೇ ಮತ್ತೆ ಎಷ್ಟು ಸಲ ತರಿಸಿದಿರಿ?’ ಎಂದು ಕೇಳಿದರೆ ಸಣ್ಣ ಮಾಲೀಕರು ನಗುತ್ತಾರೆ. ‘ಅದೆಲ್ಲ ಲೆಕ್ಕ ಇಟ್ಟಿದ್ರೆ ನಿಮ್ಮನ್ಯಾಕೆ ಕರೀತಿದ್ದೆ?’ ಎಂದು ಒಬ್ಬರು ನೇರವಾಗಿಯೇ ಅಂದರು. ಸರಿಯಾದ ಮಾತೇ. ದೊಡ್ಡ ಕಂಪನಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಪುಸ್ತಕ ಅದು. ಅಂಕಿ ಇಲ್ಲದ ಕಡೆ ನಾನು ಮೊದಲು ನಿಗದಿತ ದರಕ್ಕೆ ಒಂದು ಚಿಕ್ಕ ಅಧ್ಯಯನ ಮಾತ್ರ ಮಾಡಿಕೊಡುತ್ತೇನೆ, ಬೆಲೆಯ ಮಾತು ಅದಾದ ಮೇಲೆ. ಇದು ಪುಸ್ತಕದಿಂದ ಕಲಿತದ್ದಲ್ಲ.

ಎರಡನೆಯದು ಮೈಕ್ ಮಿಕಲೋವಿಟ್ಸ್ ಅವರ ‘ಪ್ರಾಫಿಟ್ ಫಸ್ಟ್’ (2014). ಮಾರಾಟದಲ್ಲಿ ಖರ್ಚು ಕಳೆದು ಉಳಿದದ್ದು ಲಾಭ ಎನ್ನುವ ಬದಲು, ಲಾಭವನ್ನು ಮೊದಲೇ ತೆಗೆದಿಟ್ಟು ಉಳಿದದ್ದರಲ್ಲಿ ಖರ್ಚು ನಡೆಸಿ ಎನ್ನುತ್ತದೆ. ಆದಾಯ, ಲಾಭ, ಮಾಲೀಕರ ಸಂಬಳ, ತೆರಿಗೆ, ಖರ್ಚು ಎಂದು ಐದು ಬ್ಯಾಂಕ್ ಖಾತೆ. ತಿಂಗಳ 10 ಮತ್ತು 25ನೇ ತಾರೀಕು ಆದಾಯದ ಖಾತೆಯಿಂದ ಉಳಿದವಕ್ಕೆ ಹಂಚಿಕೆ. ಹಾಸ್ಯ ಸ್ವಲ್ಪ ಅತಿಯಾಯಿತು, ಅರ್ಧ ಪುಸ್ತಕ ಸಾಕಿತ್ತು. ಆದರೆ ತೆರಿಗೆಯ ದುಡ್ಡನ್ನು ಕಣ್ಣಿಗೆ ಕಾಣದ ಖಾತೆಗೆ ಹಾಕುವ ಅಭ್ಯಾಸ ಬಂದ ಮೇಲೆ ಕಂತು ಕಟ್ಟುವ ದಿನ ಯಾರ ಬಾಕಿ ಬರುತ್ತದೋ ಎಂದು ಕಾಯುವುದು ತಪ್ಪಿತು. ನಾನು ಐದರ ಬದಲು ಮೂರೇ ಖಾತೆ ಇಟ್ಟಿದ್ದೇನೆ. ಪ್ರತಿ ಖಾತೆಗೂ ಮಿನಿಮಮ್ ಬ್ಯಾಲೆನ್ಸ್ ಇಟ್ಟುಕೊಂಡು ಕೂರುವುದು ಒಂಟಿ ಸಲಹೆಗಾರರಿಗೆ ಸುಮ್ಮನೆ ಹೊರೆ.

ಸರಕು ಕೊಂಡು ಮಾರುವವರು ಇದನ್ನು ಓದುವಾಗ ಒಂದು ಜಾಗದಲ್ಲಿ ನಿಲ್ಲಬೇಕು. ಶೇಕಡಾವಾರು ಹಂಚಿಕೆ ಒಟ್ಟು ಮಾರಾಟದ ಮೇಲಲ್ಲ, ಕಚ್ಚಾಮಾಲು ಮತ್ತು ಹೊರಗುತ್ತಿಗೆಯ ಖರ್ಚು ಕಳೆದ ಮೇಲೆ ಉಳಿಯುವ ‘ನಿಜವಾದ ಆದಾಯ’ದ ಮೇಲೆ. ಆ ಪುಟ ಹಾರಿಸಿ ಲೆಕ್ಕ ಹಾಕಿದರೆ ಮುಂದಿನ ಸರಕು ತರಲು ದುಡ್ಡಿರುವುದಿಲ್ಲ. ಉದ್ದರಿಯಲ್ಲೇ ನಡೆಯುವ ವ್ಯಾಪಾರಕ್ಕೆ ಎರಡು ತಾರೀಕಿನ ನಿಯಮವೂ ಒಗ್ಗುವುದಿಲ್ಲ. ದುಡ್ಡು ಬಂದ ದಿನವೇ ಹಂಚಿಬಿಡುವುದು ವಾಸಿ.

ಮೈಕಲ್ ಗರ್ಬರ್ ಅವರ ‘ಇ-ಮಿತ್’ 1986ರದು, ಪರಿಷ್ಕರಿಸಿದ ಆವೃತ್ತಿ 1995ರದು. ಕೆಲಸ ಬಲ್ಲವನಿಗೆ ಆ ಕೆಲಸದ ವ್ಯವಹಾರ ನಡೆಸಲೂ ಬರುತ್ತದೆ ಎಂದುಕೊಳ್ಳುವುದೇ ಭ್ರಮೆ ಎನ್ನುತ್ತದೆ. ರೋಗ ಗುರುತಿಸುವುದರಲ್ಲಿ ಇದರಷ್ಟು ಚುರುಕಾದ ಪುಸ್ತಕ ನಾನು ಕಂಡಿಲ್ಲ. ಮದ್ದು ಮಾತ್ರ ಎಲ್ಲರಿಗೂ ಹತ್ತುವುದಿಲ್ಲ: ವ್ಯವಹಾರವನ್ನು ಫ್ರಾಂಚೈಸಿಯ ಮಾದರಿಯಂತೆ, ಯಾರು ಬೇಕಾದರೂ ನಡೆಸಬಹುದಾದಂತೆ ಕಟ್ಟಿ ಎನ್ನುವುದು ಅಂಗಡಿ, ವರ್ಕ್‌ಶಾಪಿನವರಿಗೆ ಸರಿ. ಗ್ರಾಹಕರು ನಿಮ್ಮ ತಲೆಯನ್ನೇ ಕೊಳ್ಳುತ್ತಿರುವಾಗ ಅರ್ಧ ದಾರಿಗೆ ನಿಲ್ಲುತ್ತದೆ. ಲೇಖಕರಿಗೂ ಸಾರಾ ಎಂಬ ಪಾತ್ರಕ್ಕೂ ನಡೆಯುವ ಸಂಭಾಷಣೆ ಉದ್ದಕ್ಕೆ ಎಳೆದಿದ್ದಾರೆ. ಅವನ್ನು ದಾಟಿಸಿ ಓದಿದರೂ ಏನೂ ನಷ್ಟವಿಲ್ಲ.

ದೊಡ್ಡ ಕಂಪನಿಗಳ ಗೆಲುವಿನ ಗುಟ್ಟು ಹೇಳುವ ಪುಸ್ತಕಗಳನ್ನು ನಾನು ಕೊಳ್ಳುವುದು ಬಿಟ್ಟಿದ್ದೇನೆ. ಜಿಮ್ ಕಾಲಿನ್ಸ್ 2001ರಲ್ಲಿ ‘ಗುಡ್ ಟು ಗ್ರೇಟ್’ನಲ್ಲಿ ಆರಿಸಿದ 11 ಕಂಪನಿಗಳಲ್ಲಿ ಸರ್ಕಿಟ್ ಸಿಟಿಯೂ ಇತ್ತು, 2008ರಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಗೆದ್ದವರನ್ನು ಗೆದ್ದ ಮೇಲೆ ನೋಡಿದರೆ ಅವರು ಮಾಡಿದ್ದೆಲ್ಲ ಜಾಣತನವಾಗಿಯೇ ಕಾಣುತ್ತದೆ. ಅದು ನಿಜವೇ ಇದ್ದರೂ, ಮುಂದಿನ ತಿಂಗಳ ಸಂಬಳ ಹೊಂದಿಸುತ್ತಿರುವವರಿಗೆ ಅದರಿಂದ ಏನು ಪ್ರಯೋಜನ?

ಇನ್ನು ಜೆರಾಲ್ಡ್ ವೈನ್‌ಬರ್ಗ್ ಅವರ ‘ದ ಸೀಕ್ರೆಟ್ಸ್ ಆಫ್ ಕನ್ಸಲ್ಟಿಂಗ್’ (1985). ಅದರಲ್ಲೊಂದು ಕಿತ್ತಳೆ ರಸದ ಪರೀಕ್ಷೆ ಬರುತ್ತದೆ. ನೂರಾರು ಜನರ ಸಮ್ಮೇಳನಕ್ಕೆ ಬೆಳಗಿನ ಹೊತ್ತಿಗೆ ಎಲ್ಲರಿಗೂ ಆಗಷ್ಟೇ ಹಿಂಡಿದ ರಸ ಬೇಕು ಎಂದು ಹೋಟೆಲಿನವರನ್ನು ಕೇಳಬೇಕು. ಆಗುವುದಿಲ್ಲ ಎಂದವರು ಫೇಲು. ಓಹೋ ಧಾರಾಳವಾಗಿ ಎಂದವರೂ ಫೇಲು. ‘ಮಾಡಿಕೊಡಬಹುದು, ಇಷ್ಟು ಖರ್ಚಾಗುತ್ತದೆ’ ಎಂದವರು ಪಾಸು. ಗ್ರಾಹಕರು ಕೆಲಸದ ನಡುವೆ ‘ಹಾಗೇ ಇದೊಂದು’ ಎಂದು ಸೇರಿಸಿದಾಗಲೆಲ್ಲ ನಾನು ಕೊಡುವುದು ಆ ಮೂರನೇ ಉತ್ತರವನ್ನೇ. ಉಳಿದಂತೆ ಪುಸ್ತಕ ಹರಟೆಯ ಧಾಟಿಯಲ್ಲಿದೆ, ಫಾರ್ಮು ಟೆಂಪ್ಲೇಟು ಏನೂ ಸಿಗುವುದಿಲ್ಲ. ಅವು ಬೇಕೆನ್ನುವವರು ವೈಸ್ ಅವರನ್ನು ಕೊಳ್ಳಲಿ, ದುಡ್ಡು ಕೈಯಲ್ಲಿ ನಿಲ್ಲುತ್ತಿಲ್ಲ ಎನ್ನುವವರು ಮಿಕಲೋವಿಟ್ಸ್ ಅವರನ್ನು. ಎರಡನ್ನೂ ಅಚ್ಚಿನ ಪ್ರತಿಯಲ್ಲೇ ತಗೊಳ್ಳಿ. ಆಡಿಯೋದಲ್ಲಿ ಶೇಕಡಾವಾರು ಕೋಷ್ಟಕ ಕೇಳಿಸಿಕೊಂಡು ತಲೆಯಲ್ಲಿ ಇಟ್ಟುಕೊಳ್ಳುವುದು ಆಗದ ಮಾತು.