ನಾಲ್ಕು ವರ್ಷ ದಿನಾ ರೊಟ್ಟಿ ಸುಟ್ಟ ಬೀಡಿನ ಹಂಚು

ಬೀಡಿನ, ಅಂದರೆ ಎರಕದ ಕಬ್ಬಿಣದ, ಈ ಹಂಚು ತಂದದ್ದು 2021ರ ದೀಪಾವಳಿಗೆ, ಬಳ್ಳಾರಿಯ ಕೌಲ್ ಬಜಾರ್‌ನ ಒಂದು ಪಾತ್ರೆ ಅಂಗಡಿಯಿಂದ. ಹತ್ತು ಇಂಚು ಅಗಲ, ಎರಡು ಕೆಜಿಗಿಂತ ಸ್ವಲ್ಪ ಜಾಸ್ತಿ ತೂಕ, ಬೆಲೆ 850 ರೂಪಾಯಿ. ಅವತ್ತಿನಿಂದ ನಮ್ಮ ಮನೆಯ ಜೋಳದ ರೊಟ್ಟಿಯೆಲ್ಲ ಇದರ ಮೇಲೇ.

ಅದಕ್ಕೂ ಮುಂಚೆ ನಾನ್‌ಸ್ಟಿಕ್ ತವಾ ಇತ್ತು. ಎರಡೇ ವರ್ಷಕ್ಕೆ ನಡುವೆ ಕರಿ ಲೇಪ ಹೋಗಿ ಕೆಳಗಿನ ಅಲ್ಯೂಮಿನಿಯಂ ಕಾಣತೊಡಗಿತು. ಒಂದು ದಿನ ರೊಟ್ಟಿಗೆ ಕರಿ ಚೂರು ಅಂಟಿತ್ತು. ಕರಿ ಎಳ್ಳು ಅಂದುಕೊಂಡೆ. ಉಗುರಿನಿಂದ ಕೆರೆದರೆ ತೆಳ್ಳಗೆ ಸಿಪ್ಪೆಯ ಹಾಗೆ ಬಂತು. ಮಗಳು ಅದೇ ರೊಟ್ಟಿಯ ಇನ್ನೊಂದು ತುದಿ ಮುರಿಯುತ್ತಿದ್ದಳು. ತಟ್ಟೆ ಎಳೆದುಕೊಂಡುಬಿಟ್ಟೆ.

ಆಮೇಲೆ ಓದಿ ತಿಳಿದುಕೊಂಡೆ. ಆ ಚೂರು ಹೊಟ್ಟೆಗೆ ಹೋದರೂ ಕರಗುವುದಿಲ್ಲ, ಹಾಗೇ ಹೊರಗೆ ಹೋಗುತ್ತದೆ. ನಿಜವಾದ ತೊಂದರೆ ಕಾವಿನದು. ಆ ಲೇಪದ ಹೆಸರು ಪಿಟಿಎಫ್‌ಇ. ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಕೆಡಲು ಶುರುವಾಗುತ್ತದೆ. 350 ದಾಟಿದರೆ ವಿಷದ ಹೊಗೆ ಬಿಡುತ್ತದೆ. ಮನೆಯಲ್ಲಿ ಸಾಕಿದ ಹಕ್ಕಿಗಳು ಆ ಹೊಗೆಗೇ ಸಾಯುತ್ತವೆ. ಸಣ್ಣ ಉರಿಯಲ್ಲಿ ದೋಸೆ ಮಾಡುವವರಿಗೆ ಇದು ಅಷ್ಟು ತಟ್ಟಲಿಕ್ಕಿಲ್ಲ. ಆದರೆ ನಮ್ಮ ರೊಟ್ಟಿ ಹಾಗಲ್ಲ. ಹಂಚು ಖಾಲಿ ಇದ್ದಾಗಲೇ ಕಾಯಬೇಕು. ನೀರು ಚಿಮುಕಿಸಿದರೆ ಚುರ್ ಅಂತ ಹಾರಬೇಕು. ಒಂದು ರೊಟ್ಟಿ ತೆಗೆದು ಇನ್ನೊಂದು ಬಡಿಯುವವರೆಗೂ ಉರಿಯ ಮೇಲೆ ಖಾಲಿಯೇ ಇರುತ್ತದೆ. ನಾನ್‌ಸ್ಟಿಕ್ ತಡೆಯದೇ ಇರುವುದು ಇದನ್ನೇ.

ಡಬ್ಬಿಯ ಮೇಲೆ ‘ಪಿಎಫ್‌ಒಎ ಫ್ರೀ’ ಅಂತ ಇತ್ತಲ್ಲ ಅಂತ ಮನೆಯವರು ಕೇಳಿದರು. ಪಿಎಫ್‌ಒಎ ಅಂದರೆ ಲೇಪ ತಯಾರಿಸುವಾಗ ಮೊದಲು ಬಳಸುತ್ತಿದ್ದ ರಾಸಾಯನಿಕ. ಅದು ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2023ರಲ್ಲಿ ಹೇಳಿತು. ಅದು ಇಲ್ಲದಿರುವುದು ಒಳ್ಳೆಯದೇ. ಆದರೆ ಅದನ್ನು ಬಿಟ್ಟ ಮಾತ್ರಕ್ಕೆ ಲೇಪಕ್ಕೆ ರೊಟ್ಟಿಯ ಕಾವು ತಡೆಯುವ ಶಕ್ತಿ ಬರುವುದಿಲ್ಲ.

ಬೀಡಿನ ಹಂಚು ತಂದ ದಿನವೇ ರೊಟ್ಟಿ ಹಾಕಬೇಡಿ. ನಾನು ಹಾಕಿ, ಮೊದಲ ನಾಲ್ಕು ರೊಟ್ಟಿ ಕಿತ್ತು ಬಂದವು. ತೊಳೆದು, ಒಲೆಯ ಮೇಲೆ ಒಣಗಿಸಿ, ಅರ್ಧ ಉಳ್ಳಾಗಡ್ಡಿಯನ್ನು ಶೇಂಗಾ ಎಣ್ಣೆಯಲ್ಲಿ ಅದ್ದಿ ತೆಳ್ಳಗೆ ಸವರಿ, ಹೊಗೆ ಬರುವವರೆಗೆ ಕಾಯಿಸಬೇಕು. ಹೀಗೆ ನಾಲ್ಕು ಸಲ. ಎಣ್ಣೆ ಜಾಸ್ತಿಯಾದರೆ ಜಿಗುಟಾಗುತ್ತದೆ. ಸರಿಯಾಗಿ ಪಳಗಲು ನನಗೆ ಎರಡು ತಿಂಗಳು ಬೇಕಾಯಿತು. ಈಗ ಮೈ ಕಪ್ಪಗೆ, ನುಣ್ಣಗೆ ಹೊಳೆಯುತ್ತದೆ.

ಜೊತೆಗೆ ಒಂದು ಪಡ್ಡಿನ ಹಂಚನ್ನೂ ತಂದಿದ್ದೆ. “ಕಾದ ಹಂಚಿಗೆ ತಣ್ಣೀರು ಹಾಕಬ್ಯಾಡವ್ವ” ಅಂತ ಅತ್ತೆ ಹೇಳಿದ್ದರು. ಅವಸರದಲ್ಲಿ ನಲ್ಲಿ ಕೆಳಗೆ ಹಿಡಿದೆ. ಟಪ್ ಅಂತ ಅಂಚಿನಿಂದ ನಡುವಿನವರೆಗೆ ಸೀಳಿತು. ಬೀಡು ಗಟ್ಟಿ, ಆದರೆ ಪೆಡಸು. ಆರಿದ ಮೇಲೇ ತೊಳೆಯಬೇಕು. ತೊಳೆದು ಹಾಗೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ತುಕ್ಕು.

ಹಂಚು ಇಷ್ಟು ಚೆನ್ನಾಗಿದೆ ಅಂತ ಒಂದು ಕಬ್ಬಿಣದ ಬಾಣಲೆಯನ್ನೂ ತಂದು ಅದರಲ್ಲಿ ಹುಳಿ ಸೊಪ್ಪಿನ ಪುಂಡಿಪಲ್ಯ ಮಾಡಿದೆ. ಪಲ್ಯ ಕಪ್ಪಾಯಿತು, ಬಾಯಲ್ಲೆಲ್ಲ ಕಬ್ಬಿಣದ ರುಚಿ. ಹುಳಿ ಕಬ್ಬಿಣವನ್ನು ಕರಗಿಸುತ್ತದೆ. ಅಡುಗೆಗೆ ಸ್ವಲ್ಪ ಕಬ್ಬಿಣಾಂಶ ಸೇರಿದರೆ ಹೆಚ್ಚಿನವರಿಗೆ ಒಳ್ಳೆಯದೇ. ಮೈಯಲ್ಲಿ ಕಬ್ಬಿಣಾಂಶ ತುಂಬಿಕೊಳ್ಳುವ ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆ ಇರುವವರು ಮಾತ್ರ ಡಾಕ್ಟರನ್ನು ಕೇಳಿ. ಆದರೆ ಪುಂಡಿಪಲ್ಯ, ಹುಣಸೆ ಸಾರು, ಟೊಮ್ಯಾಟೊ ಗೊಜ್ಜಿಗೆ ನಮ್ಮಲ್ಲಿ ಈಗ ಸ್ಟೀಲೇ. ನಮ್ಮ ಕಡೆ ಜರ್ಮನ್ ಪಾತ್ರೆ ಅಂತೀವಲ್ಲ, ಆ ಅಲ್ಯೂಮಿನಿಯಂ ಬೋಗುಣಿಯಲ್ಲಿ ಹುಳಿ ಕುದಿಸುವುದನ್ನು ಪೂರ್ತಿ ಬಿಟ್ಟೆವು. ಹಿಂಡಾಲಿಯಂ ಕೂಡ ಬಹುಪಾಲು ಅಲ್ಯೂಮಿನಿಯಮ್ಮೇ, ಬೇರೆ ಲೋಹ ಸ್ವಲ್ಪ ಬೆರೆಸಿರುತ್ತಾರೆ ಅಷ್ಟೆ. ಅಜ್ಜಿಯ ಹಿತ್ತಾಳೆ ಪಾತ್ರೆ ಇದ್ದರೆ ಕಲಾಯಿ ಹಾಕಿಸದೆ ಹುಳಿ ಮುಟ್ಟಿಸಬೇಡಿ, ಒಳಗಿನ ತಾಮ್ರ ಊಟಕ್ಕೆ ಇಳಿಯುತ್ತದೆ. ಸ್ಟೀಲ್ ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. ಸ್ಟೀಲ್, ಅಲ್ಯೂಮಿನಿಯಂ ಪಾತ್ರೆಗಳಿಗೆ ಅದನ್ನು ಕಡ್ಡಾಯ ಮಾಡಿ ಕೇಂದ್ರ ಸರ್ಕಾರ 2024ರಲ್ಲಿ ಆದೇಶ ಹೊರಡಿಸಿದೆ.

ಹಂಚಿನ ದೊಡ್ಡ ಕುಂದು ತೂಕ. ಮಣಿಕಟ್ಟು ನೋವಿರುವ ಅತ್ತೆಗೆ ಎತ್ತಲು ಆಗುವುದಿಲ್ಲ, ನಾನೇ ಇಳಿಸಿ ಕೊಡಬೇಕು. ಕಾಯಲು ಐದಾರು ನಿಮಿಷ ಬೇಕು. ಆದರೆ ಒಮ್ಮೆ ಕಾದರೆ ಉರಿ ಸಣ್ಣ ಮಾಡಿದರೂ ಹತ್ತು ರೊಟ್ಟಿಗೆ ಕಾವು ಸಾಕು.

ಸಿರುಗುಪ್ಪದಲ್ಲಿರುವ ತಂಗಿ ಮುಂದಿನ ತಿಂಗಳು ಬೇರೆ ಮನೆ ಮಾಡುತ್ತಿದ್ದಾಳೆ. ಅವಳಿಗೂ ಇದೇ ಅಳತೆಯ ಹಂಚು ತಂದಿಟ್ಟಿದ್ದೇನೆ. ಎರಡು ಸಲ ಎಣ್ಣೆ ಕಾಯಿಸಿಯಾಗಿದೆ. ಪೂರ್ತಿ ಪಳಗಿಸಿಯೇ ಕೊಡುತ್ತೇನೆ.