ಮೋವಾಬ್‌ನ ಹೆಲ್ಸ್ ರಿವೆಂಜ್: ದಾರಿಗೆ ಪೂರ್ತಿ ಅಂಕ, ಬಾಡಿಗೆ ಅಂಗಡಿಗೆ ಇಲ್ಲ

ಅಮೆರಿಕದ ಯೂಟಾದಲ್ಲಿ ಮೋವಾಬ್ ಊರಿಗೆ ಅಂಟಿಕೊಂಡೇ ಸ್ಯಾಂಡ್ ಫ್ಲಾಟ್ಸ್ ಇದೆ. ಸರ್ಕಾರಿ ಭೂಮಿ. ಕೇಂದ್ರ ಸರ್ಕಾರದ ಭೂಮಿ ನೋಡಿಕೊಳ್ಳುವ ಬಿಎಲ್‌ಎಂ (ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್) ಇಲಾಖೆ ಮತ್ತು ಅಲ್ಲಿನ ಸ್ಥಳೀಯ ಆಡಳಿತವಾದ ಗ್ರ್ಯಾಂಡ್ ಕೌಂಟಿ ಸೇರಿ ನೋಡಿಕೊಳ್ಳುತ್ತವೆ. ನಾನು, ನನ್ನ ತಮ್ಮ ಬಾಡಿಗೆಗೆ ಒಂದು ಯುಟಿವಿ (ಕಲ್ಲುಮಣ್ಣಿನ ದಾರಿಯಲ್ಲಿ ಓಡಿಸುವ ಪುಟ್ಟ ನಾಲ್ಕು ಚಕ್ರದ ಗಾಡಿ) ತೆಗೆದುಕೊಂಡು ಅಲ್ಲಿನ ಹೆಲ್ಸ್ ರಿವೆಂಜ್ ದಾರಿಗೆ ಹೋದೆವು.

ದಾರಿ ಸುಮಾರು 6.5 ಮೈಲಿ, ಬಹುಪಾಲು ಬರೀ ಬಂಡೆ. ಕೋಟ್ಯಂತರ ವರ್ಷಗಳ ಹಿಂದಿನ ಮರಳುದಿಬ್ಬಗಳೇ ಗಟ್ಟಿಯಾಗಿ ಈ ನವಾಹೋ ಮರಳುಗಲ್ಲು ಆಗಿದೆ. ಶುರುವಿನಲ್ಲೇ ಎರಡೂ ಕಡೆ ಇಳಿಜಾರಿರುವ ಕಿರಿದಾದ ಬಂಡೆ ಹತ್ತಬೇಕು. ಸ್ಟೇರಿಂಗ್ ನನ್ನ ಕೈಲಿತ್ತು. ತಮ್ಮ ಇಳಿದು ಮುಂದೆ ನಿಂತು, "ಅಕ್ಕಾ, ಇನ್ನೂ ಎಡಕ್ಕೆ, ಹಾಂ, ಸಾಕು ಸಾಕು" ಅಂತ ಕೂಗುತ್ತಿದ್ದ. ಆ ಕಲ್ಲಿನ ಮೇಲೆ ಟೈರಿಗೆ ಸಿಗುವ ಹಿಡಿತ ನೋಡಿಯೇ ನಂಬಬೇಕು.

ನನಗೆ ಬಹಳ ಇಷ್ಟವಾಗಿದ್ದು ಗುರುತುಗಳು. ಬಂಡೆ ಮೇಲೆ ಬೆಂಕಿಯ ಜ್ವಾಲೆಯ ಚಿತ್ರ ಬಳಿದಿದ್ದಾರೆ. ಅದನ್ನು ನೋಡುತ್ತಾ ಹೋದರೆ ದಾರಿ ಹುಡುಕುತ್ತಾ ಪಕ್ಕದ ಮಣ್ಣಿಗೆ ಇಳಿಯುವ ಪ್ರಮೇಯವೇ ಇಲ್ಲ. ಆ ಮಣ್ಣಿನ ಮೇಲೆ ಕಪ್ಪಗೆ, ಗಂಟುಗಂಟಾಗಿ ಒಂದು ಹೊದಿಕೆ ಇದೆ. ನೋಡಿದರೆ ಸುಟ್ಟ ನೆಲ ಅನಿಸುತ್ತದೆ, ಆದರೆ ಅದಕ್ಕೆ ಜೀವ ಇದೆ. ಸಯನೋಬ್ಯಾಕ್ಟೀರಿಯಾ, ಪಾಚಿ, ಕಲ್ಲುಹೂವು ಸೇರಿ ಮರಳನ್ನು ಹಿಡಿದಿಟ್ಟಿವೆ. ಗಾಳಿಗೆ ಹಾರದಂತೆ, ಮಳೆಗೆ ಕೊಚ್ಚಿಹೋಗದಂತೆ ಕಾಯುತ್ತವೆ. ಗಾಳಿಯ ಸಾರಜನಕವನ್ನೂ ಮಣ್ಣಿಗೆ ಸೇರಿಸುತ್ತವೆ. ಅದರ ಮೇಲೆ ಒಂದು ಗಾಡಿ ಹರಿದರೆ ಸರಿಹೋಗಲು ಹತ್ತಾರು ವರ್ಷ ಬೇಕಾಗಬಹುದು. ಬಂಡೆಯ ಗುಂಡಿಗಳಿಗೂ ಗಾಡಿ ಇಳಿಸಬೇಡಿ. ಸಿಗಡಿ ಜಾತಿಯ ಪುಟ್ಟ ಜೀವಿಗಳ ಮೊಟ್ಟೆಗಳು ಒಣಗಿದ ಗುಂಡಿಯಲ್ಲೂ ಮುಂದಿನ ಮಳೆಯವರೆಗೆ ಬದುಕಿರುತ್ತವೆ.

ಇದನ್ನೆಲ್ಲ ಬಾಡಿಗೆಗೆ ಕೊಡುವವರು ಹೇಳಬೇಕಿತ್ತು, ಅಲ್ವಾ? ಹೆಲ್ಮೆಟ್, ಸೀಟ್‌ಬೆಲ್ಟ್, ಗಾಡಿಗೆ ಪೆಟ್ಟಾದರೆ ಎಷ್ಟು ಕಟ್ಟಬೇಕು, ಇಷ್ಟರಲ್ಲೇ ಅವರ ಮಾತು ಮುಗಿಯಿತು. ಮಣ್ಣಿನ ಬಗ್ಗೆ ಒಂದು ಮಾತೂ ಇಲ್ಲ. ದಿನವೂ ಹೊಸಬರ ಕೈಗೆ ಕೀ ಕೊಡುವ ಅಂಗಡಿ ಎರಡು ನಿಮಿಷ ಜಾಸ್ತಿ ಮಾತಾಡಿದ್ದರೆ ಎಷ್ಟೋ ಮಣ್ಣು ಉಳಿಯುತ್ತಿತ್ತು. ಒಂದು ಕಡೆ ಚಿಕ್ಕ ಕಲ್ಲಿನ ಮೆಟ್ಟಿಲು ತಪ್ಪಿಸಲು ಯಾರೋ ಕಪ್ಪು ಮಣ್ಣಿನ ಮೇಲೇ ಸುತ್ತು ಹಾಕಿದ್ದರು. ಅದನ್ನು ನೋಡಿ ನಿಜಕ್ಕೂ ಸಿಟ್ಟು ಬಂತು.

2023ರಲ್ಲಿ ಮೋವಾಬ್ ಹತ್ತಿರದ ಲ್ಯಾಬಿರಿಂತ್, ಜೆಮಿನಿ ಬ್ರಿಜಸ್ ಭಾಗದಲ್ಲಿ 317 ಮೈಲಿ ದಾರಿಗಳನ್ನು ವಾಹನಗಳಿಗೆ ಮುಚ್ಚಲು ಬಿಎಲ್‌ಎಂ ತೀರ್ಮಾನಿಸಿತು. ಗಾಡಿ ಓಡಿಸುವವರಿಗೆ ತುಂಬಾ ಬೇಸರವಾಯಿತು. ನನಗೂ ಈ ಆಟ ಇಷ್ಟ. ಆದರೂ ಅಲ್ಲಿನ ಬಿಗ್‌ಹಾರ್ನ್ ಕುರಿಗಳಿಗೆ, ನದಿಯಲ್ಲಿ ದೋಣಿ ಹಾಕುವವರಿಗೆ ಇಂಜಿನ್ ಸದ್ದಿಲ್ಲದ ಜಾಗ ಬೇಕು ಅನ್ನುವುದು ನ್ಯಾಯವಾಗಿಯೇ ಕಾಣುತ್ತದೆ.

ಹೋಗುವುದಾದರೆ ಏಪ್ರಿಲ್ ಅಥವಾ ಅಕ್ಟೋಬರ್ ಒಳ್ಳೆಯದು. ಬೇಸಿಗೆಯಲ್ಲಿ ಬಂಡೆ ಕಾದಿರುತ್ತದೆ. ಹೊಸಬರು ಗೈಡ್ ಜೊತೆ ಹೋಗಿ. ಸ್ವಂತ ಜೀಪ್ ಇದ್ದರೆ ಟೈರಿನ ಗಾಳಿ ಸ್ವಲ್ಪ ಇಳಿಸಿಕೊಳ್ಳಿ. ಮರಳು ಬಂದಾಗ ಚಕ್ರ ಸುಮ್ನೆ ಸುತ್ತಿ ದಾರಿ ಅಗೆಯುವುದು ಕಡಿಮೆಯಾಗುತ್ತದೆ.